ಅಟ್ಟದ ಹಲಗೆ: ದುರಸ್ತಿಯೋ, ಬಂಡವಾಳ ವೆಚ್ಚವೋ?

ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ವಾಸ, ಮೇಲೆ ಹೆಂಚಿನ ಮಾಡು ಇರುವ ಕಟ್ಟಡಗಳು ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಇಂದಿಗೂ ಉಂಟು. ಇವುಗಳ ಅಟ್ಟವು ಅಡಕೆ, ಭತ್ತಗಳ ದಾಸ್ತಾನಿಗೆ ಒದಗುವ ಸ್ಥಳ. ಅಟ್ಟಕ್ಕೆ ಹಲಗೆ ಹಾಸಿ, ಹೆಂಚಿನ ಕೆಳಗೆ ಶಾಖನಿರೋಧಕ ಹೊದಿಕೆ ಹಾಕಿಸಿದ ವರ್ತಕರು ಇಡೀ ಖರ್ಚನ್ನು ‘ದುರಸ್ತಿ’ ಎಂದು ಬರೆಯುವುದು ವಾಡಿಕೆ. ತೆರಿಗೆ ನಿರ್ಧರಣೆಯ ವೇಳೆ ಇದು ತಿರಸ್ಕೃತವಾದರೆ ಹೆಚ್ಚುವರಿ ತೆರಿಗೆಯ ಜೊತೆಗೆ ಬಡ್ಡಿಯನ್ನೂ ತೆರಬೇಕಾದೀತು.

ಮೂಲ ನಿಯಮ ಸರಳವಾದುದು. ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ಖರ್ಚು ರಾಜಸ್ವ ವೆಚ್ಚ. ಹೊಸ ಆಸ್ತಿಯನ್ನು ಅಥವಾ ಹೊಸ ಪ್ರಯೋಜನವನ್ನು ತರುವ ಖರ್ಚು ಬಂಡವಾಳ ವೆಚ್ಚ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಚಿತ್ರಮಂದಿರವೊಂದರ ಸಮಗ್ರ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲು ಸುಪ್ರೀಂ ಕೋರ್ಟ್ ನಿರಾಕರಿಸಿತು. 1-4-2026ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲೂ ಈ ವಿಂಗಡಣೆ ಮುಂದುವರಿದಿದೆ.

ಒಟ್ಟು ಖರ್ಚು ರೂ. 1,60,000 ಎಂದು ಭಾವಿಸೋಣ.

1. ಅಂಗಡಿಯ ಅಟ್ಟದಲ್ಲಿ ಗೆದ್ದಲು ಹಿಡಿದ ಕೆಲವು ಹಲಗೆಗಳ ಬದಲಾವಣೆ ರೂ. 20,000: ಇದು ಆ ವರ್ಷದ ಖರ್ಚು.

2. ಅಂಗಡಿಯ ಮೇಲೆ ಹಲಗೆಯೇ ಇಲ್ಲದ ಭಾಗಕ್ಕೆ ಹೊಸ ಹಾಸು ಮತ್ತು ಹೊದಿಕೆ ರೂ. 1,00,000: ಇದು ಬಂಡವಾಳ ವೆಚ್ಚ. ಸವಕಳಿ ಮಾತ್ರ ಲಭ್ಯ. ಮೊದಲ ವರ್ಷ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಸವಕಳಿಯೂ ಅರ್ಧ.

3. ವಾಸದ ಕೋಣೆಗಳ ಮೇಲೆ ಹೊಸದಾಗಿ ಮಾಡಿಸಿದ ಕೆಲಸ ರೂ. 40,000: ಇದು ಮಾಲೀಕರ ಸ್ವಂತ ಖರ್ಚು, ವ್ಯಾಪಾರದ ಲೆಕ್ಕಕ್ಕೆ ಸೇರದು. ಆದರೂ ಬಿಲ್ಲನ್ನು ಕಾಪಾಡಿಡಬೇಕು. ಮುಂದೆ ಮನೆ ಮಾರಿದಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಇದನ್ನು ಸುಧಾರಣಾ ವೆಚ್ಚವೆಂದು ಕೇಳಬಹುದು.

ಪಾವತಿಯಲ್ಲಿ ವಿಶೇಷ ಎಚ್ಚರ ಅಗತ್ಯ. ವ್ಯಾಪಾರದ ಭಾಗಕ್ಕೆ ಸಂಬಂಧಿಸಿ ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಖರ್ಚಾಗಿಯೂ ಸಲ್ಲದು, ಆಸ್ತಿಯ ಬೆಲೆಗೂ ಸೇರದು. ಬಡಗಿಗೂ ಮರದ ಅಂಗಡಿಗೂ ಬ್ಯಾಂಕಿನ ಮೂಲಕವೇ ಹಣ ಸಂದಾಯ ಮಾಡುವುದು ಕ್ಷೇಮ. ಬಂಡವಾಳವಾಗಿ ತೋರಿಸಿದ ಕಟ್ಟಡ ಕೆಲಸದ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದು ಎಂಬುದನ್ನೂ ನೋಂದಾಯಿತ ವರ್ತಕರು ಗಮನಿಸಬೇಕು.

ಹೊದಿಕೆ ಹಾಕಿಸುವಾಗ ಗಾಳಿಯಾಡಲು ಎಡೆ ಬಿಡಿಸುವುದು ಲೆಕ್ಕದಷ್ಟೇ ಮುಖ್ಯ. ಮಳೆಗಾಲದ ತೇವ ಒಳಗೇ ನಿಂತು ಅಡಕೆಗೆ ಬೂಷ್ಟು ಹಿಡಿದರೆ ಆಗುವ ನಷ್ಟವನ್ನು ಯಾವ ತೆರಿಗೆ ಉಳಿತಾಯವೂ ತುಂಬಿಕೊಡಲಾರದು.

ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಮೂರು ಭಾಗಗಳಿಗೂ ಪ್ರತ್ಯೇಕ ಅಂದಾಜುಪಟ್ಟಿ ಬರೆಸಿ, ಪ್ರತ್ಯೇಕ ಬಿಲ್ಲು ಪಡೆಯತಕ್ಕದ್ದು. ಒಂದೇ ಬಿಲ್ಲಿನಲ್ಲಿ ಬೆರೆತ ಮೊತ್ತವನ್ನು ವರ್ಷಾಂತ್ಯದಲ್ಲಿ ಬಿಡಿಸಿ, ಅಧಿಕಾರಿಗಳಿಗೆ ಒಪ್ಪಿಸುವುದು ಕಷ್ಟಸಾಧ್ಯ.