ಹೊತ್ತಿ ಆರುವ ಫರ್ನೇಸ್, ಮತ್ತು ಆರೂವರೆ ಸಾವಿರ ಡಾಲರ್

ಡೆಟ್ರಾಯಿಟ್ ಸುತ್ತಲಿನ ನೋವೈ, ಟ್ರಾಯ್, ಕ್ಯಾಂಟನ್ ಊರುಗಳಲ್ಲಿ ಮನೆ ಕೊಂಡ ಕನ್ನಡಿಗರಿಗೆ ಬೇಸ್‌ಮೆಂಟಿನ ಮೂಲೆಯಲ್ಲಿರುವ ಗ್ಯಾಸ್ ಫರ್ನೇಸ್ ನೆನಪಾಗುವುದು ಅದು ಕೆಟ್ಟಾಗ. ಕೆಡುವುದೂ ಹೆಚ್ಚಾಗಿ ಜನವರಿಯಲ್ಲೇ, ಹಗಲೂ ರಾತ್ರಿಯೂ ಅದಕ್ಕೆ ಬಿಡುವಿಲ್ಲದ ಹೊತ್ತಿನಲ್ಲಿ. ಹೊರಗೆ ಮೈನಸ್ 10 ಡಿಗ್ರಿ ಸೆಲ್ಸಿಯಸ್, ಒಳಗೆ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡ ಮಕ್ಕಳು. ಅಂಥ ರಾತ್ರಿ ಬಂದ ಮೆಕ್ಯಾನಿಕ್ ಏನು ಹೇಳಿದರೂ ತಲೆಯಾಡಿಸುವ ಸ್ಥಿತಿ ಮನೆಯವರದು. ಜೇಬಿಗೆ ಕತ್ತರಿ ಬೀಳುವುದು ಆಗಲೇ.

ಈ ಅಂಕಣಕಾರನ ನೋವೈ ಮನೆಯಲ್ಲೂ ಒಂದು ಸಂಜೆ ಫರ್ನೇಸ್ ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರತೊಡಗಿತು. ಮತ್ತೆ ಹೊತ್ತುವುದು, ಮತ್ತೆ ಆರುವುದು, ಆಮೇಲೆ ಸದ್ದಿಲ್ಲ. ಬಂದ ಮೆಕ್ಯಾನಿಕ್ ಮುಚ್ಚಳ ತೆಗೆಯುವ ಮೊದಲೇ ಫರ್ನೇಸಿನ ವಯಸ್ಸು ಕೇಳಿದ. ಹದಿನಾಲ್ಕು ವರ್ಷ ಎಂದಾಗ, ಇನ್ನು ಇದಕ್ಕೆ ದುಡ್ಡು ಸುರಿಯಬೇಡಿ ಎಂದು ಹೊಸದಕ್ಕೆ 6,500 ಡಾಲರ್ ಕೋಟೇಶನ್ ಬರೆಯಲು ಕೂತ. ಅಂಕಣಕಾರ ಕೇಳಿದ್ದು ಇಷ್ಟೇ: ‘ಬೋರ್ಡಿನ ದೀಪ ಎಷ್ಟು ಸಲ ಮಿನುಗುತ್ತಿದೆ?’

ಮಾತಿನ ದಿಕ್ಕು ಬದಲಾದದ್ದು ಅಲ್ಲಿಂದ. ಈಗಿನ ಹೆಚ್ಚಿನ ಫರ್ನೇಸ್‌ಗಳ ಕಂಟ್ರೋಲ್ ಬೋರ್ಡಿನಲ್ಲಿ ಒಂದು ಚಿಕ್ಕ ಎಲ್‌ಇಡಿ ಇರುತ್ತದೆ. ತೊಂದರೆ ಯಾವುದೆಂಬುದನ್ನು ಅದು ಮಿನುಗಿನ ಲೆಕ್ಕದಲ್ಲಿ ಹೇಳುತ್ತದೆ. ಅದರ ಅರ್ಥ ತಿಳಿಸುವ ಪಟ್ಟಿಯನ್ನು ಸಾಮಾನ್ಯವಾಗಿ ಮುಚ್ಚಳದ ಒಳಬದಿಗೇ ಅಂಟಿಸಿರುತ್ತಾರೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಆ ಪಟ್ಟಿಯ ಫೋಟೊ, ಮಿನುಗುವ ದೀಪದ ವಿಡಿಯೊ ತೆಗೆದಿಟ್ಟುಕೊಳ್ಳಬೇಕು. ಪವರ್ ಆರಿಸಿ ಹಾಕಿದರೆ ಕೆಲವು ಬೋರ್ಡುಗಳಲ್ಲಿ ಆ ಕೋಡ್ ಅಳಿಸಿಹೋಗುತ್ತದೆ.

ಫರ್ನೇಸ್ ಕೆಲಸ ಮಾಡುವ ಕ್ರಮ ಗೊತ್ತಿದ್ದರೆ ಅರ್ಧ ರೋಗ ಸಿಕ್ಕಂತೆ. ಥರ್ಮೋಸ್ಟಾಟ್ ಶಾಖ ಬೇಕೆಂದು 24 ವೋಲ್ಟಿನ ಸಂಕೇತ ಕಳಿಸುತ್ತದೆ. ಮೊದಲು ಸಣ್ಣ ಇಂಡ್ಯೂಸರ್ ಫ್ಯಾನ್ ತಿರುಗಿ ಹಳೆಯ ಹೊಗೆಯನ್ನು ಹೊರಗೆ ಎಳೆಯುತ್ತದೆ. ಆ ಎಳೆತ ಸರಿಯಿದೆಯೆಂದು ಪ್ರೆಶರ್ ಸ್ವಿಚ್ ಒಪ್ಪಬೇಕು. ಆಗ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರ್ ಹೊತ್ತುತ್ತದೆ. ಉರಿ ಇದೆಯೆಂದು ಫ್ಲೇಮ್ ಸೆನ್ಸರ್ ಖಾತ್ರಿ ಮಾಡಿಕೊಂಡ ಮೇಲೆ, ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ದೊಡ್ಡ ಬ್ಲೋವರ್ ಬಿಸಿ ಗಾಳಿಯನ್ನು ಕೋಣೆಗಳಿಗೆ ತಳ್ಳುತ್ತದೆ. ಇದರಲ್ಲಿ ಯಾವ ಹಂತಕ್ಕೆ ನಿಂತಿತು ಎಂಬುದನ್ನು ಎದುರಿಗೆ ಕೂತು ಕಿವಿಗೊಟ್ಟರೆ ಯಾರು ಬೇಕಾದರೂ ಹೇಳಬಹುದು.

ಹೊತ್ತಿದ ಕೂಡಲೇ ಆರಿದರೆ ಮೊದಲ ಅನುಮಾನ ಫ್ಲೇಮ್ ಸೆನ್ಸರ್ ಮೇಲೆ. ಬಿಳಿ ಪಿಂಗಾಣಿ ಹಿಡಿಯಿಂದ ಹೊರಟು ಉರಿಯೊಳಗೆ ಚಾಚಿಕೊಂಡ, ಬೆರಳುದ್ದದ ಲೋಹದ ಕಡ್ಡಿ ಅದು. ಉರಿಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪ್ ಕರೆಂಟಿನಿಂದ, ಒಳಗೆ ಬೆಂಕಿ ಇದೆ ಎಂಬುದನ್ನು ಬೋರ್ಡ್ ತಿಳಿಯುತ್ತದೆ. ಕಡ್ಡಿಯ ಮೇಲೆ ಕಣ್ಣಿಗೂ ಸರಿಯಾಗಿ ಕಾಣದ ಪದರ ಕಟ್ಟಿಕೊಂಡರೆ ಆ ಕರೆಂಟು ಕುಗ್ಗಿ, ಬೆಂಕಿಯೇ ಇಲ್ಲವೆಂದು ಬೋರ್ಡ್ ಗ್ಯಾಸ್ ನಿಲ್ಲಿಸುತ್ತದೆ. ಕೆಲವು ಸಲ ಪ್ರಯತ್ನಿಸಿ ಲಾಕ್ ಆಗಿಬಿಡುತ್ತದೆ. ಇದಕ್ಕೆ ಮದ್ದು ಸುಲಭ. ಫರ್ನೇಸಿನ ಪವರ್ ಸ್ವಿಚ್ ಆರಿಸಿ, ಗ್ಯಾಸ್ ವಾಲ್ವ್ ಮುಚ್ಚಿ, ಕಾಲು ಇಂಚಿನ ಒಂದೇ ಸ್ಕ್ರೂ ಬಿಚ್ಚಿ ಕಡ್ಡಿಯನ್ನು ಹೊರಗೆಳೆಯುವುದು. ನಯವಾದ ಸ್ಟೀಲ್ ವುಲ್‌ನಿಂದ ಲೋಹ ಹೊಳೆಯುವ ತನಕ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಇದ್ದ ಹಾಗೇ ಕೂರಿಸುವುದು. ಆ ಸಂಜೆ ಮೆಕ್ಯಾನಿಕ್ ಮಾಡಿದ್ದು ಇಷ್ಟೇ. ಬರ್ನರಿನ ನೀಲಿ ಉರಿ ಆಮೇಲೆ ಆರಲಿಲ್ಲ, ಕೋಟೇಶನ್ ಪುಸ್ತಕ ಅವನ ಚೀಲಕ್ಕೆ ವಾಪಸ್ಸಾಯಿತು. ಖರ್ಚಾದದ್ದು ಭೇಟಿ ಶುಲ್ಕ ಮಾತ್ರ. ಹೊಸ ಸೆನ್ಸರೇ ಬೇಕಾದರೂ ಅದರ ಬೆಲೆ ಸಾಮಾನ್ಯವಾಗಿ 10ರಿಂದ 30 ಡಾಲರ್.

ಇನ್ನೊಂದು ರೋಗ ಇದಕ್ಕಿಂತ ಅಗ್ಗದ್ದು: ಧೂಳು ತುಂಬಿದ ಫಿಲ್ಟರ್. ಗಾಳಿ ಓಡಾಡದೆ ಒಳಗಿನ ಶಾಖ ಏರುತ್ತದೆ, ಲಿಮಿಟ್ ಸ್ವಿಚ್ ಬರ್ನರನ್ನು ಆರಿಸುತ್ತದೆ, ಮನೆ ಮಾತ್ರ ಬೆಚ್ಚಗಾಗುವುದಿಲ್ಲ. ಒಂದು ಇಂಚು ದಪ್ಪದ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಗ್ಗರಣೆಯ ಮನೆಗಳಲ್ಲಿ ಮೊದಲ ಲೆಕ್ಕವೇ ವಾಸಿ, ಎಣ್ಣೆಯ ಜಿಡ್ಡಿಗೆ ಧೂಳು ಬೇಗ ಅಂಟುತ್ತದೆ. ಒಳ್ಳೆಯ ಗಾಳಿಯ ಆಸೆಗೆ ಮರ್ವ್ 13 ದರ್ಜೆಯ ತೆಳು ಫಿಲ್ಟರ್ ತಂದು ಹಾಕುವವರಿದ್ದಾರೆ. ಅಷ್ಟು ಬಿಗಿಯಾದದ್ದನ್ನು ಹಳೆಯ ಬ್ಲೋವರ್ ತಾಳುತ್ತದೆಯೇ ಎಂದು ಕೇಳಿಯೇ ಹಾಕಬೇಕು.

ಬಿಳಿ ಪಿವಿಸಿ ಪೈಪ್ ಇರುವ, 90 ಶೇಕಡಕ್ಕೂ ಹೆಚ್ಚು ದಕ್ಷತೆಯ ಫರ್ನೇಸ್‌ಗಳಿಗೆ ಬೇರೆ ಎರಡು ಕಾಟ. ಹಿಮ ಸುರಿದ ಬೆಳಿಗ್ಗೆ ಹೊರಗೋಡೆಯ ಪೈಪಿನ ಬಾಯಿ ಮುಚ್ಚಿಹೋದರೆ ಪ್ರೆಶರ್ ಸ್ವಿಚ್ ಒಪ್ಪುವುದಿಲ್ಲ. ಸಲಿಕೆ ಹಿಡಿದು ಹೋಗಿ ಹಿಮ ಸರಿಸಿದರೆ ಸಾಕು, ಮೆಕ್ಯಾನಿಕ್ ಬೇಡ. ಉರಿಯ ಆವಿ ನೀರಾಗಿ ಹರಿಯುವ ಸಣ್ಣ ಟ್ಯೂಬಿನಲ್ಲಿ ಲೋಳೆ ಕಟ್ಟಿದರೂ ಅದೇ ಕೋಡ್. ಇನ್ನು ಇಗ್ನೈಟರ್ ಬಿರುಕು ಬಿಟ್ಟಿದ್ದರೆ ಕೆಂಪು ಕಾವೇ ಕಾಣುವುದಿಲ್ಲ. ಅದನ್ನು ಬದಲಿಸುವಾಗ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅದರ ಆಯಸ್ಸು ಕಡಿಮೆ ಮಾಡುತ್ತದೆ. ಥರ್ಮೋಸ್ಟಾಟಿನಲ್ಲಿ ಫ್ಯಾನ್ ‘ಆನ್’ ಬದಲು ‘ಆಟೊ’ದಲ್ಲಿದೆಯೇ, ಬ್ಯಾಟರಿ ಸತ್ತಿದೆಯೇ, ಫರ್ನೇಸಿನ ಮುಚ್ಚಳ ಸರಿಯಾಗಿ ಕೂತಿದೆಯೇ ಎಂಬುದನ್ನು ಎಲ್ಲಕ್ಕಿಂತ ಮುಂಚೆ ನೋಡಬೇಕು. ಮುಚ್ಚಳ ಸಡಿಲವಿದ್ದರೆ ಅದರ ಹಿಂದಿನ ಸುರಕ್ಷತಾ ಸ್ವಿಚ್ ಇಡೀ ಫರ್ನೇಸನ್ನೇ ನಿಲ್ಲಿಸಿರುತ್ತದೆ.

ಮನೆಯವರ ಕೈಕೆಲಸ ಇಲ್ಲಿಗೆ ಮುಗಿಯಬೇಕು. ಗ್ಯಾಸ್ ಪೈಪು, ವಾಲ್ವು, ಬರ್ನರಿನ ಒತ್ತಡ ಲೈಸೆನ್ಸ್ ಇರುವವರ ಕೆಲಸ. ಅಲ್ಲಿ ಉಳಿಸುವ ಡಾಲರ್ ಉಳಿತಾಯವಲ್ಲ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. 1937ರಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್‌ನಲ್ಲಿ ಯಾರಿಗೂ ಗೊತ್ತಾಗದೆ ಸೋರಿದ ಗ್ಯಾಸ್ ಸ್ಫೋಟಿಸಿ ಶಾಲೆಯೊಂದು ಕುಸಿಯಿತು, ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ಕೊಳೆತ ಮೊಟ್ಟೆಯಂಥ ನಾತ ಬೆರೆಸುವುದು ಕಡ್ಡಾಯವಾದದ್ದು ಆ ದುರಂತದ ಬಳಿಕ. ಆ ನಾತ ಬಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದಲೇ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಬೇಕು. ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಮಲಗುವ ಕೋಣೆಗಳ ಹತ್ತಿರವೇ ಇರಬೇಕು. ಏಳರಿಂದ ಹತ್ತು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ, ತಾರೀಖು ಅದರ ಬೆನ್ನಿನ ಮೇಲಿರುತ್ತದೆ.

ಈ ಭಯವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ ಎಂಬುದು ಬೇಸರದ ಸಂಗತಿ. ‘ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಇವತ್ತೇ ಬದಲಿಸಿ’ ಎಂಬ ಮಾತು ಕೆಲವೊಮ್ಮೆ ನಿಜ. ಉರಿಯ ಹೊಗೆಯನ್ನು ಮನೆಯ ಗಾಳಿಯಿಂದ ಬೇರೆ ಇಡುವ ಲೋಹದ ಗೋಡೆ ಅದು; ಬಿರುಕು ನಿಜವಾದರೆ ಆ ಫರ್ನೇಸನ್ನು ಮತ್ತೆ ಹಚ್ಚಬಾರದು. ಆದರೆ ಬಿರುಕಿನ ಫೋಟೊ ಮತ್ತು ಮೀಟರಿನ ರೀಡಿಂಗ್ ಕೇಳುವುದು ಮನೆಯವರ ಹಕ್ಕು. ಸಣ್ಣ ಎಲೆಕ್ಟ್ರಿಕ್ ಹೀಟರಿನಲ್ಲಿ ಒಂದು ರಾತ್ರಿ ಕಳೆದು ಇನ್ನೊಬ್ಬರ ಅಭಿಪ್ರಾಯ ಪಡೆಯಬಹುದು. ಹೀಟ್ ಎಕ್ಸ್‌ಚೇಂಜರಿಗೆ ಇಪ್ಪತ್ತು ವರ್ಷದ ಅಥವಾ ಇನ್ನೂ ಹೆಚ್ಚಿನ ವಾರಂಟಿ ಕೊಡುವ ಕಂಪನಿಗಳು ಹಲವು. ಹಾಗಾಗಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಹಿಡಿದು ತಯಾರಕರನ್ನೇ ವಿಚಾರಿಸಬೇಕು.

ಹೆಚ್ಚು ದಕ್ಷತೆಯ ಹೊಸ ಫರ್ನೇಸ್ ತನ್ನ ಬೆಲೆಯನ್ನು ತಾನೇ ದುಡಿದುಕೊಡುತ್ತದೆ ಎಂಬ ಮಾರಾಟದ ಮಾತನ್ನೂ ಲೆಕ್ಕಕ್ಕೆ ಹಚ್ಚಿ ನೋಡೋಣ. ಚಳಿಗಾಲದಲ್ಲಿ ಶಾಖಕ್ಕೆಂದು 900 ಡಾಲರಿನ ಗ್ಯಾಸ್ ಉರಿಯುವ ಮನೆ, ಫರ್ನೇಸ್ 80 ಶೇಕಡದ್ದು. 96 ಶೇಕಡದ್ದು ಹಾಕಿದರೆ ಅದೇ ಶಾಖಕ್ಕೆ 750 ಡಾಲರ್, ವರ್ಷಕ್ಕೆ 150 ಉಳಿತಾಯ. 6,500 ಡಾಲರ್ ಅದರಿಂದ ವಾಪಸ್ ಬರಲು 43 ವರ್ಷ ಬೇಕು. ಫರ್ನೇಸಿನ ಆಯಸ್ಸು ಹದಿನೈದು, ಇಪ್ಪತ್ತು ವರ್ಷ. ಹಳೆಯದು ನಿಜವಾಗಿಯೂ ಕೈಕೊಟ್ಟಾಗ 80ರ ಬದಲು 96ರದ್ದನ್ನು ಆರಿಸುವ ಲೆಕ್ಕ ಬೇರೆ, ಆಗ ತೂಗಬೇಕಾದದ್ದು ಎರಡರ ಬೆಲೆಯ ಅಂತರ ಮಾತ್ರ. ದಕ್ಷ ಫರ್ನೇಸಿಗೆ ಸಿಗುತ್ತಿದ್ದ 600 ಡಾಲರ್ ತನಕದ ಫೆಡರಲ್ ತೆರಿಗೆ ರಿಯಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ.

ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೊರಡುವವರಿಗೆ ಇನ್ನೊಂದು ಮಾತು. ಗ್ಯಾಸ್ ಉಳಿಸಲೆಂದು ಫರ್ನೇಸನ್ನೇ ಆರಿಸಿ ಹೋದರೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಮನೆ ಬೆಚ್ಚಗಿಡಲು ಮಾಲೀಕರು ತಕ್ಕ ಎಚ್ಚರ ವಹಿಸಿರಲಿಲ್ಲ ಎಂದು ಇನ್ಶೂರೆನ್ಸ್ ಕಂಪನಿ ಕ್ಲೈಮ್ ತಳ್ಳಿಹಾಕಬಹುದು, ಹೆಚ್ಚಿನ ಪಾಲಿಸಿಗಳಲ್ಲಿ ಆ ಷರತ್ತು ಇದ್ದೇ ಇರುತ್ತದೆ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಸಬಾರದು. ನೀರಿನ ಮೇನ್ ವಾಲ್ವ್ ಮುಚ್ಚಿ, ಹೊಸ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಒಳಗೆ ಬಂದು ನೋಡುವಂತೆ ಪಕ್ಕದ ಮನೆಯವರ ಕೈಗೆ ಒಂದು ಕೀಲಿ ಕೊಟ್ಟು ವಿಮಾನ ಹತ್ತಬೇಕು.