ಕೊಲೆಸ್ಟರಾಲ್ ಗುಳಿಗೆಯೂ ಮೂತ್ರಪಿಂಡದ ರಕ್ಷಣೆಯೂ

ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಜಿಡ್ಡು ಮಿತಿಮೀರಿದರೆ ಅದು ರಕ್ತನಾಳಗಳ ಒಳಗೋಡೆಯಲ್ಲಿ ಸಂಗ್ರಹವಾಗಿ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ. ಇದನ್ನು ತಗ್ಗಿಸಲು ವೈದ್ಯರು ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮೊದಲಾದ ಗುಳಿಗೆಗಳನ್ನು ಕೊಡುತ್ತಾರೆ. ಇವು ಮೂತ್ರಪಿಂಡವನ್ನು ಕೆಡಿಸುತ್ತವೆಂದು ಹೆದರಿ ಕೆಲವರು ಚಿಕಿತ್ಸೆಯನ್ನು ನಡುವೆಯೇ ಕೈಬಿಡುತ್ತಾರೆ. ಈ ಭಯ ಸರಿಯೇ?

ಅಟೋರ್ವಾಸ್ಟಾಟಿನ್ ಮುಖ್ಯವಾಗಿ ಯಕೃತ್ತಿನ ಮೂಲಕ ವಿಸರ್ಜನೆಯಾಗುತ್ತದೆ. ಮೂತ್ರದಲ್ಲಿ ಹೋಗುವುದು ಶೇಕಡಾ 2ಕ್ಕಿಂತ ಕಡಿಮೆ. ಆದ್ದರಿಂದ ಮೂತ್ರಪಿಂಡ ದುರ್ಬಲವಾಗಿದ್ದರೂ ಇದರ ಪ್ರಮಾಣವನ್ನು ತಗ್ಗಿಸಬೇಕಾಗಿಲ್ಲ. ರೋಸುವಾಸ್ಟಾಟಿನ್ ವಿಷಯ ಬೇರೆ. ಮೂತ್ರಪಿಂಡದ ಶಕ್ತಿ ತೀರ ಕುಂದಿದವರಿಗೆ ಇದನ್ನು 5 ಮಿಲಿಗ್ರಾಮಿನಿಂದ ಆರಂಭಿಸಿ, 10 ಮಿಲಿಗ್ರಾಮ್ ಮೀರದಂತೆ ಕೊಡಲಾಗುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಹೃದ್ರೋಗದ ಸಂಭವ ಹೆಚ್ಚಾದುದರಿಂದ ಅವರಿಗೆ ಈ ಔಷಧಿಯ ಅಗತ್ಯವೂ ಹೆಚ್ಚು.

ಅತಿ ವಿರಳವಾಗಿ ಈ ಗುಳಿಗೆಗಳಿಂದ ಸ್ನಾಯುಗಳು ಶಿಥಿಲವಾಗಿ, ಅವುಗಳಿಂದ ಹೊರಬಂದ ಪದಾರ್ಥವು ಮೂತ್ರಪಿಂಡಕ್ಕೆ ಹಾನಿ ಮಾಡುವುದುಂಟು. ಕಾರಣವಿಲ್ಲದೆ ತೊಡೆ, ತೋಳುಗಳಲ್ಲಿ ತೀವ್ರ ನೋವು ಮತ್ತು ನಿಶ್ಶಕ್ತಿ ಕಾಣಿಸಿಕೊಂಡರೆ, ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಗುಳಿಗೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿರಿ. ಆ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿರಿ. ಮೂತ್ರಪಿಂಡವನ್ನು ಕೆಡಿಸುವ ಶಕ್ತಿ ಈ ನೋವಿನ ಮಾತ್ರೆಗಳಿಗಿದೆ.

ದಂಪತಿಗಳು ಇನ್ನೊಂದು ಅಂಶವನ್ನು ನೆನಪಿನಲ್ಲಿಡತಕ್ಕದ್ದು. ಮಗುವನ್ನು ಬಯಸುವ ಸ್ತ್ರೀಯು ಈ ಗುಳಿಗೆ ಸೇವಿಸುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಇದನ್ನು ನಿಲ್ಲಿಸಲಾಗುತ್ತದೆ. ಮೊಲೆಯೂಡಿಸುವ ತಾಯಂದಿರಿಗೂ ಇದು ತಕ್ಕದ್ದಲ್ಲ.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಿರಿ. ವೈದ್ಯರು ಹೇಳಿದಾಗ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ. ಅನುಮಾನ ಬಂದರೆ ಗುಳಿಗೆಯ ಚೀಟಿಯೊಡನೆ ಪತಿಪತ್ನಿಯರಿಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.