ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್: ಗುಜರಿಗೆ ಹಾಕುವ ಮೊದಲು

ನಮ್ಮ ಮನೆಯ ಕಂಪ್ಯೂಟರ್ 2016ರದ್ದು. ಆಳುಗಳ ಸಂಬಳ, ಅಡಿಕೆ, ಕಾಳುಮೆಣಸು ಮಾರಿದ ಲೆಕ್ಕ, ಆಗೀಗ ಒಂದು ಅರ್ಜಿ. ಇಷ್ಟೇ ಅದರ ಕೆಲಸ. ಅದರಲ್ಲಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ ಕಂಪೆನಿ ಈ ವಿಂಡೋಸ್‌ಗೆ ಕೊಡುತ್ತಿದ್ದ ಮಾಮೂಲು ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆ ದಿನ ಹತ್ತಿರವಾಗುತ್ತಿದ್ದಂತೆ ಪೇಟೆಯ ಅಂಗಡಿಯೊಂದರಲ್ಲಿ ‘ಇನ್ನು ಇದು ನಡೆಯೋದಿಲ್ಲ, ಹೊಸತು ತಗೊಳ್ಳಿ’ ಅಂದರು. ಹೇಳಿದ ಕ್ರಯ 40,000 ರೂಪಾಯಿ. ಅಷ್ಟು ದುಡ್ಡಿದ್ದರೆ ನಾನು ಮೊದಲು ತೋಟದ ಪಂಪು ಬದಲಾಯಿಸುತ್ತಿದ್ದೆ.

‘ನಡೆಯೋದಿಲ್ಲ’ ಅನ್ನುವುದು ಪೂರ್ತಿ ನಿಜವಲ್ಲ. ಅಪ್‌ಡೇಟ್ ನಿಂತ ಮರುದಿನವೂ ಕಂಪ್ಯೂಟರ್ ಎಂದಿನಂತೆ ತೆರೆದುಕೊಳ್ಳುತ್ತದೆ, ಲೆಕ್ಕ ಬರೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಕಳ್ಳಗಂಡಿಗಳನ್ನು ಕಂಪೆನಿ ಮುಚ್ಚುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರಿಗೆ ಇದು ಸಣ್ಣ ಸಂಗತಿ ಅಲ್ಲ.

ಹಾಗಾದರೆ ವಿಂಡೋಸ್ 11 ಹಾಕಬಹುದಲ್ಲ? ಇಲ್ಲೇ ತೊಡಕು. 2015ರಲ್ಲಿ ವಿಂಡೋಸ್ 10 ಬಂದಾಗ ಮೊದಲ ಒಂದು ವರ್ಷ ಅದು ಧರ್ಮಕ್ಕೆ ಸಿಕ್ಕಿತ್ತು, ವಿಂಡೋಸ್ 7ರ ಹಳೆ ಯಂತ್ರಗಳಲ್ಲೂ ಕೂತಿತು. ಬೇಡ ಅಂದರೂ ಬಿಡದೆ ‘ಹಾಕಿಕೊಳ್ಳಿ’ ಅಂತ ಪರದೆಯ ಮೇಲೆ ಬರುತ್ತದೆ ಎಂಬುದೇ ಆಗ ಜನರ ದೂರು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರದ್ದು ಇದಕ್ಕೆ ತದ್ವಿರುದ್ಧ. ಬೇಕು ಅಂದವರಿಗೂ ಬಾಗಿಲು ತೆರೆಯಲಿಲ್ಲ. ಯಂತ್ರ ಯೋಗ್ಯವೋ ಅಲ್ಲವೋ ಎಂದು ನೋಡಲು ಕಂಪೆನಿ ಕೊಟ್ಟ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶ ಮೊದಮೊದಲು ‘ಆಗುವುದಿಲ್ಲ’ ಎಂದಷ್ಟೇ ಹೇಳುತ್ತಿತ್ತು, ಯಾಕೆ ಅಂತ ಹೇಳುತ್ತಿರಲಿಲ್ಲ. ಜನ ಸಿಟ್ಟಾದರು. ಕಂಪೆನಿ ಅದನ್ನು ಹಿಂದಕ್ಕೆ ಪಡೆದು, ಕಾರಣ ಹೇಳುವಂತೆ ತಿದ್ದಿ ಕೊಟ್ಟಿತು. ಈಗ ನೀವು ಮೊದಲು ಓಡಿಸಿ ನೋಡಬೇಕಾದ್ದು ಇದನ್ನೇ.

ಕಂಪೆನಿ ಕೇಳುವುದು ಏನೇನು? 64 ಬಿಟ್‌ನ ಎರಡು ಕೋರ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಕರ್ಯ, ಟಿಪಿಎಂ 2.0. ಪ್ರೊಸೆಸರ್ ಕಂಪೆನಿಯ ಪಟ್ಟಿಯಲ್ಲೂ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದು.

ಇದರಲ್ಲಿ 4 ಜಿಬಿ ಅನ್ನುವುದನ್ನು ನಂಬಿ ಕೂರಬೇಡಿ. ಪಂಪಿನ ತಗಡಿನ ಮೇಲೆ ಗರಿಷ್ಠ ಹೆಡ್ ಬರೆದಿರುತ್ತದಲ್ಲ, ಅಷ್ಟು ಎತ್ತರಕ್ಕೆ ಪೈಪು ಇಟ್ಟರೆ ನೀರು ಬೀಳುವುದೇ ಇಲ್ಲ. ಇದೂ ಹಾಗೇ. 4 ಜಿಬಿಯಲ್ಲಿ ವಿಂಡೋಸ್ 11 ಕೂರುತ್ತದೆ, ಓಡುವುದಿಲ್ಲ, ತೆವಳುತ್ತದೆ. 8 ಜಿಬಿ ಇದ್ದರೆ ನಮ್ಮ ಕೆಲಸಕ್ಕೆ ಸಾಕು. ಅದಕ್ಕಿಂತ ಮುಖ್ಯ, ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು. ನನ್ನ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದ ಮೇಲೆ ಹೊಸತರ ಆಸೆಯೇ ಅರ್ಧ ಇಳಿಯಿತು.

ಪ್ರೊಸೆಸರ್ ಯಾವ ತಲೆಮಾರು ಅಂತ ನೋಡುವುದು ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಅಲ್ಲಿ ‘ಐ3-6100’ ಅಂತ ಇದ್ದರೆ ಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು, ಅಂದರೆ 6ನೆಯದು. ಅಂಕಿ 1ರಿಂದ ಶುರುವಾಗಿದ್ದರೆ ಮೊದಲ ಎರಡನ್ನು ಸೇರಿಸಿ ಓದಿ. 10100 ಅಂದರೆ 10ನೆಯದು. ರ‍್ಯಾಮ್, ಡಿಸ್ಕ್ ಬದಲಾಯಿಸಬಹುದು. ಪ್ರೊಸೆಸರ್ ಪಟ್ಟಿಯಲ್ಲಿಲ್ಲದಿದ್ದರೆ ಹಳೆ ಯಂತ್ರಕ್ಕೆ ಸಾಮಾನ್ಯವಾಗಿ ಮದ್ದಿಲ್ಲ. ನನ್ನದು ಅಲ್ಲಿಗೇ ನಿಂತಿತು.

ಟಿಪಿಎಂ ವಿಷಯ ಹಾಗಲ್ಲ. ಅದು ಗುಟ್ಟಿನ ಕೀಲಿಗಳನ್ನು ಕಾಪಾಡುವ ಭಾಗ. ಬೇರೆಯೇ ಚಿಪ್ ಇರಬಹುದು, ಪ್ರೊಸೆಸರ್ ಒಳಗೇ ಸೇರಿರಬಹುದು. ಎಷ್ಟೋ ಯಂತ್ರಗಳಲ್ಲಿ ಅದು ಇರುತ್ತದೆ, ಆದರೆ ಬಯಾಸ್‌ನಲ್ಲಿ ಆಫ್ ಮಾಡಿರುತ್ತಾರೆ. ನೆರೆಮನೆಯ ಭಾವನದ್ದು 8ನೇ ತಲೆಮಾರಿನ ಯಂತ್ರ. ‘ಆಗುವುದಿಲ್ಲ ಅಂತ ಬಂತು ಭಾವಾ, ಮಾರುವುದಾ ಎಂಥ?’ ಅಂತ ಕೇಳಿದ. ಬಯಾಸ್ ತೆರೆದು ನೋಡಿದರೆ ಪಿಟಿಟಿ ಎಂಬುದು ಆಫ್ ಇತ್ತು. ಇಂಟೆಲ್‌ನಲ್ಲಿ ಟಿಪಿಎಂಗೆ ಅದೇ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದೆವು, ಹತ್ತು ನಿಮಿಷದ ಕೆಲಸ. 40,000 ಉಳಿಯಿತು. ಸೆಕ್ಯೂರ್ ಬೂಟ್ ಇಲ್ಲವೆಂದು ಬಂದರೆ ಡಿಸ್ಕನ್ನು ಹಳೆ ಪದ್ಧತಿಯಲ್ಲಿ ವಿಂಗಡಿಸಿರುವ ಸಾಧ್ಯತೆ ಇದೆ. ಒಳಗಿನದ್ದನ್ನು ಅಳಿಸದೆ ಅದನ್ನು ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್‌ನಲ್ಲೇ ಇದೆ. ಆದರೂ ಲೆಕ್ಕದ ಫೈಲುಗಳ ಒಂದು ಪ್ರತಿ ಹೊರಗೆ ತೆಗೆದಿಡದೆ ಇದಕ್ಕೆ ಕೈ ಹಾಕಲೇಬೇಡಿ.

ಕೆಲವು ಅಂಗಡಿಯವರು ಈ ತಪಾಸಣೆಯನ್ನೇ ದಾಟಿಸಿ ಹಳೆ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಡುತ್ತಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲವೆಂದು ಕಂಪೆನಿಯೇ ಹೇಳಿದೆ. ಅಪ್‌ಡೇಟಿಗಾಗಿಯೇ ಅಲ್ಲವಾ ಮಾರಾಯ್ರೆ ನಾವು ಇಷ್ಟೆಲ್ಲ ಮಾಡುವುದು?

ಹಾಕಿಕೊಂಡವರು ಏನಂದರು ಅನ್ನುವುದೂ ತಿಳಿದಿರಲಿ. ಸ್ಟಾರ್ಟ್ ಬಟನ್ ನಡುವಿಗೆ ಬಂದದ್ದು ಹಲವರಿಗೆ ಹಿಡಿಸಲಿಲ್ಲ. ಇದು ಸಣ್ಣದು, ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಎಡಕ್ಕೆ ತರಬಹುದು. ಬಲ ಕ್ಲಿಕ್ ಮಾಡಿದಾಗ ಬರುವ ಪಟ್ಟಿ ಮೊಟಕಾಗಿದೆ, ಹಳೆಯದು ಬೇಕಾದರೆ ‘ಶೋ ಮೋರ್ ಆಪ್ಷನ್ಸ್’ ಒತ್ತಬೇಕು. ನಮ್ಮಂಥವರಿಗೆ ನಿಜವಾಗಿ ತಾಗುವುದು ಬೇರೆ. ಹೋಮ್ ಆವೃತ್ತಿಯನ್ನು ಮೊದಲ ಸಲ ಹೊಂದಿಸುವಾಗ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಹೋದ ದಿನ ಕೂತರೆ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು: ಖಾತೆಯೊಂದಿಗೆ ಹೊಂದಿಸಿದಾಗ ಡಿಸ್ಕಿಗೆ ತಾನಾಗಿಯೇ ಬೀಗ ಬೀಳಬಹುದು. ಮುಂದೆ ಬಯಾಸ್‌ನಲ್ಲಿ ಏನಾದರೂ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಖಾತೆಯಲ್ಲಿರುತ್ತದೆ. ಕಾಗದದಲ್ಲಿ ಬರೆದು ಆರ್‌ಟಿಸಿ ಇಡುವ ಕಡತದಲ್ಲೇ ಇಡಿ. ಮಗ ಬೆಂಗಳೂರಿನಿಂದ ತನ್ನ ಖಾತೆ ಹಾಕಿಕೊಟ್ಟಿದ್ದರೆ ಕೀ ಅವನ ಖಾತೆಯಲ್ಲಿರುತ್ತದೆ, ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ನನ್ನಂತೆ ಪ್ರೊಸೆಸರ್ ಹಳತಾದವರಿಗೆ ಏನು ದಾರಿ? ಕಂಪೆನಿ 2025ರಲ್ಲಿ ಪ್ರಕಟಿಸಿದಂತೆ, ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ಸುರಕ್ಷತೆಯ ಅಪ್‌ಡೇಟ್ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆ ಹಾಕಿ, ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲದೆಯೂ ಆಗುತ್ತದೆ. ನಾನು ಮಾಡಿದ್ದು ಇದನ್ನೇ. ಆದರೆ ಇದು ಅವಧಿ ಮುಂದೂಡುವುದು ಅಷ್ಟೆ.

ಇನ್ನೊಂದು ದಾರಿ ಲಿನಕ್ಸ್ ಮಿಂಟ್. ಧರ್ಮಕ್ಕೆ ಸಿಗುತ್ತದೆ, ಟಿಪಿಎಂ ಕೇಳುವುದಿಲ್ಲ, 4 ಜಿಬಿಯಲ್ಲೂ ಸುಧಾರಿಸುತ್ತದೆ. ಎಕ್ಸೆಲ್ ಲೆಕ್ಕಗಳು ಅದರಲ್ಲಿನ ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ, ಯೂನಿಕೋಡ್ ಕನ್ನಡ ಬರೆಯಲು ಅಡ್ಡಿಯಿಲ್ಲ. ಆದರೆ ನುಡಿ, ಬರಹ ತಂತ್ರಾಂಶಗಳು ವಿಂಡೋಸ್‌ಗೆಂದು ಮಾಡಿದವು, ಟ್ಯಾಲಿಯೂ ಹಾಗೆಯೇ. ಹಳೆ ನುಡಿ ಫಾಂಟಿನಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದ ಕಡೆ ಬರೇ ಗೀಚಿದಂತೆ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಬೇಕು.

ಮಿಂಟ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಲು ಬರುತ್ತದೆ, ಡಿಸ್ಕ್ ಮುಟ್ಟಬೇಕಾಗಿಲ್ಲ. ಎರಡು ಮೂರು ದಿನ ಹಾಗೆ ಬಳಸಿ. ಪ್ರಿಂಟರ್ ನಡೆಯುತ್ತದಾ, ವೈಫೈ ಹಿಡಿಯುತ್ತದಾ, ನಿಮ್ಮ ಲೆಕ್ಕದ ಫೈಲಿನ ಕೂಡಿಸಿದ ಮೊತ್ತ ಮೊದಲಿನಂತೇ ಬರುತ್ತದಾ ನೋಡಿ. ಮೂರೂ ಸರಿ ಇದ್ದರೆ ಮಾತ್ರ ಡಿಸ್ಕಿಗೆ ಹಾಕಿ.